ಬೀಸುಕಲ್ಲುಗಳ ಮೇಲೆ ನಿಂತ ಎಂಜಿನ್

ಅವರು ಎಂಜಿನ್ ಎಣ್ಣೆಯ ರುಚಿ ನೋಡುತ್ತಿದ್ದರು. ಅಳತೆಯ ಕಡ್ಡಿಯನ್ನು ಎಂಜಿನ್ನಿನ ಹೊಟ್ಟೆಯಿಂದ ಎಳೆದು, ತುದಿಯಲ್ಲಿ ತೂಗುತ್ತಿದ್ದ ಕಪ್ಪು ಹನಿಯನ್ನು ಕಿರುಬೆರಳಿಗೆ ತೆಗೆದುಕೊಂಡು, ನಾಲಿಗೆಗೆ ಮುಟ್ಟಿಸಿ, ಎಡಗಣ್ಣು ಮುಚ್ಚಿ, ಟಕ್ ಎಂದು ಸಪ್ಪಳ ಮಾಡುತ್ತಿದ್ದರು. ಆಮೇಲೆ ತೀರ್ಪು. ಅವರಲ್ಲಿ ಇದ್ದದ್ದು ಎರಡೇ ತೀರ್ಪು. ಒಂದು, ‘ಮುಗೀತು’. ಇನ್ನೊಂದು, ‘ಇನ್ನೂ ನಡೀತೈತಿ’. ಮೊದಲನೆಯದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಯುದ್ಧದ ಕಾಲ, ಹೊಸ ಎಣ್ಣೆ ಬೇಕಾದಷ್ಟು ಸಿಗುತ್ತಿರಲಿಲ್ಲ, ಆದ್ದರಿಂದ ಡಾಂಬರಿನಂತಾದ ಎಣ್ಣೆಯೂ ಅವರ ನಾಲಿಗೆಯ ಮೇಲೆ ಇನ್ನೂ ನಡೆಯುತ್ತಿತ್ತು.

ಎಡಗಣ್ಣು ಎಂದು ಬರೆದೆ. ಬಲಗಣ್ಣೂ ಇರಬಹುದು. ಸತ್ತವರ ಬಗ್ಗೆ ಬರೆಯಲು ಕೂತಾಗ ಕೈ ತಾನಾಗಿಯೇ ಎಲ್ಲವನ್ನೂ ಓರಣವಾಗಿ ಜೋಡಿಸತೊಡಗುತ್ತದೆ. ಈ ಮನುಷ್ಯನಲ್ಲಿ ಓರಣವಾಗಿದ್ದದ್ದು ಒಂದೂ ಇರಲಿಲ್ಲ. ಅಂಗಿಯ ಗುಂಡಿಗಳು ಕೂಡ ಒಂದೊಂದು ಮನೆ ತಪ್ಪಿಯೇ ಕೂತಿರುತ್ತಿದ್ದವು. ಹಾಗಾಗಿ ನನ್ನ ನೆನಪು ಬಹಳ ಚಂದವಾಗಿ ಕಂಡ ಕಡೆ ಓದುವವರು ಸ್ವಲ್ಪ ಸಂಶಯ ಇಟ್ಟುಕೊಳ್ಳುವುದು ಒಳ್ಳೆಯದು.

ಅವರಿಗೆ ಹೆಸರಿತ್ತು. ಆದರೆ ಬನಹಟ್ಟಿಯ ನಮ್ಮ ನೇಕಾರರ ಓಣಿಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಕಾಕಾ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವಳಾಗಿದ್ದ ಗೌರವ್ವನಿಗೂ ಕಾಕಾ. ಅವರ ಹೆಂಡತಿ ಕಾಕಿ. ನಾನು ಆಗ ಜಮಖಂಡಿ ಸಂಸ್ಥಾನದ ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಕಾಕಾನ ಹಿಟ್ಟಿನ ಗಿರಣಿಗೆ ಗೋಡೆ ಹಂಚಿಕೊಂಡಿದ್ದ ಒಂದು ಖೋಲಿಯಲ್ಲಿ ಅವ್ವನ ಜೊತೆ ಬಾಡಿಗೆಗೆ ಇದ್ದೆ. ಗಿರಣಿ ಓಡುವಾಗ ನಮ್ಮ ಗೋಡೆಯ ಮೇಲಿನ ದೇವರ ಪಟಗಳು ಒಂದಕ್ಕೊಂದು ತಲೆಯಾಡಿಸುತ್ತಿದ್ದವು.

ಗಿರಣಿಗಿಂತ ಮೊದಲು ಕಾಕಾ ಸೋಡಾ ಕಾರಖಾನೆ ನಡೆಸಿದ್ದರು. ಸೀಸೆಗಳು ಗಿರಾಕಿಯ ಕೈಗೆ ಬರುವ ಮೊದಲೇ ಸಿಡಿಯುತ್ತಿದ್ದುದರಿಂದ ಅದು ನಿಂತಿತು. ಆಮೇಲೆ ಡೇರೆಯ ಸಿನೆಮಾ. ಒಮ್ಮೆ ಚಿತ್ರ ಪೂರ್ತಿಯಾಗಿ ತಲೆಕೆಳಗಾಗಿ ಓಡಿತಂತೆ. ಜನ ರೊಕ್ಕ ತಿರುಗಿ ಕೇಳಲಿಲ್ಲ, ಮೇಲಿನ ಲೋಕದ ಕಥೆ ಇರಬೇಕೆಂದು ಸುಮ್ಮನೆ ನೋಡಿ ಎದ್ದು ಹೋದರು ಎಂದು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಆಮೇಲೆ ಕುಡಚಿ ಸ್ಟೇಶನ್ನಿಗೆ ಹೋಗುವ ಸರ್ವಿಸ್ ಮೋಟಾರಿನ ಡ್ರೈವರ್. ಆಮೇಲೆ ಗಿರಣಿ. ಪ್ರತಿಯೊಂದು ಉದ್ಯೋಗವನ್ನೂ ಅವರು ‘ಇದs ಕಡೀದು’ ಎಂದು ಹೇಳಿಯೇ ಆರಂಭಿಸಿದ್ದರು. ಗಿರಣಿಯ ಮಟ್ಟಿಗೆ ಮಾತ್ರ ಅದು ನಿಜವಾಗಬೇಕಾದ ಒತ್ತಾಯ ಬಂತು. ಆ ಒತ್ತಾಯವನ್ನು ತಂದುಕೊಂಡವರೂ ಅವರೇ.

ಗಿರಣಿಯ ಹಳೆಯ ಎಂಜಿನ್ ಯುದ್ಧದ ನಡುವೆ ಬಿರುಕು ಬಿಟ್ಟಿತು. ಅದರ ಸಾಮಾನು ಹಡಗಿನಿಂದ ಬರಬೇಕು, ಹಡಗುಗಳು ಬೇರೆ ಕೆಲಸದಲ್ಲಿದ್ದವು. ಸಾವಳಗಿಯ ಹತ್ತಿರ ರಸ್ತೆಯ ಬದಿಯ ತಗ್ಗಿನಲ್ಲಿ ಒಂದು ಲಾರಿ ಬಹಳ ದಿನದಿಂದ ಬಿದ್ದಿತ್ತು. ಅದರೊಳಗೆ ಬೇವಿನ ಸಸಿ ಹುಟ್ಟಿತ್ತು, ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಕಾಕಾ ಕೋಳಿಗಳನ್ನು ಓಡಿಸಿ, ಅದರ ಎಂಜಿನ್ ಬಿಚ್ಚಿಸಿ, ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಪೆಟ್ರೋಲ್ ಸಿಗದ ಕಾರಣ ಇದ್ದಿಲ ಹೊಗೆಯ ಮೇಲೆಯೇ ಓಡಲೆಂದು ಅದಕ್ಕೆ ಒಂದು ಒಲೆ ಕಟ್ಟಿದರು. ಗಾಲಿಗೆ ಹೋಗುವ ಜಾಗದಲ್ಲಿ ಗಿರಣಿಯ ಬೆಲ್ಟು ಹಾಕಿದರು. ತಣ್ಣಗಾಗಲು ಪಕ್ಕದಲ್ಲಿ ನೀರಿನ ತೊಟ್ಟಿ, ನಮ್ಮ ಕಡೆಯ ಹೌದು, ಕಟ್ಟಿದರು. ಹ್ಯಾಂಡಲ್ ತಿರುವಿದರು.

ಎಂಜಿನ್ ಶುರುವಾಯಿತು. ಶುರುವಾಗಿ, ನೆಲದ ಮೇಲೆ ಕುಣಿಯುತ್ತ ಬಾಗಿಲಿನ ಕಡೆಗೆ ನಡೆಯತೊಡಗಿತು. ಬೆಲ್ಟು ಹರಿಯಿತು. ಹೊಸ್ತಿಲ ಹತ್ತಿರ ಅದು ಉಸಿರು ಬಿಟ್ಟು ನಿಂತಾಗ ಕಾಕಾ ಪ್ರೀತಿಯಿಂದ ಅದರ ಬೆನ್ನು ತಟ್ಟಿ, ‘ಲಾರೀದಲ್ಲೇನ, ಊರಿಗಿ ಹೋಗೂ ಚಾಳಿ ಬಿಟ್ಟಿಲ್ಲ’ ಎಂದರು.

ಅದನ್ನು ಕೂಡಿಸಲು ಭಾರವಾದ ಕಟ್ಟೆ ಬೇಕಿತ್ತು. ಕಟ್ಟೆಗೆ ಗಟ್ಟಿ ಕಲ್ಲು ಬೇಕು. ಕಲ್ಲು ತರಲು ಗಾಡಿಗಳು ಬೇಕು. ಗಾಡಿಗಳೆಲ್ಲ ಕಬ್ಬು ಸಾಗಿಸಲು ಹೋಗಿದ್ದವು. ಆಗ ಕಾಕಾನಿಗೆ ಹೊಳೆದ ಯೋಚನೆ ಭೂಮಿಯ ಮೇಲೆ ಬೇರೆ ಯಾರಿಗೂ ಹೊಳೆದಿರಲಿಕ್ಕಿಲ್ಲ. ಓಣಿಯ ಪ್ರತಿ ಮನೆಯಲ್ಲೂ ಭಾರವಾದ, ದುಂಡಗಿನ, ಸಮನಾದ ಕರಿಗಲ್ಲು ಒಂದು ಮೂಲೆಯಲ್ಲಿ ಕೂತೇ ಇತ್ತು. ಗಿರಣಿ ಓಡತೊಡಗಿದ ಮೇಲೆ ಅದರ ಕೆಲಸವೇನು? ಬೀಸುಕಲ್ಲು.

ಮೊದಲ ಕಲ್ಲು ಕಾಕಿಯದು. ಕಾಕಿ ಆಗ ಮಹಾಲಿಂಗಪುರದ ತವರಿಗೆ ಹೋಗಿದ್ದರು. ತಿರುಗಿ ಬಂದು ಖಾಲಿ ಮೂಲೆ ನೋಡಿ ನನ್ನ ಕಲ್ಲೆಲ್ಲಿ ಎಂದು ಕೇಳಿದಾಗ ಕಾಕಾ, ಅದು ಎಂಜಿನ್ನಿನ ಕೆಳಗಿದೆ, ಅಲ್ಲಿಯೂ ಬೀಸುವ ಕೆಲಸವನ್ನೇ ಮಾಡುತ್ತಿದೆ, ಚಿಂತೆ ಬೇಡ ಎಂದು ಸಮಾಧಾನ ಹೇಳಿದರು. ಕಾಕಿ ಎಷ್ಟೋ ಹೊತ್ತು ಆ ಮೂಲೆಯನ್ನೇ ನೋಡುತ್ತ ನಿಂತಿದ್ದರಂತೆ.

ಉಳಿದ ಹೆಂಗಸರನ್ನು ಅವರು ಬಾವಿಯ ಕಟ್ಟೆಯ ಹತ್ತಿರ ಸೇರಿಸಿ ಭಾಷಣ ಮಾಡಿದರು. ‘ಕಲ್ಲ ನಿಮ್ಮವs. ಕೆಲಸನೂ ಬೀಸೂದs. ತಿರುವೂ ರಟ್ಟಿ ಮಾತ್ರ ನಿಮ್ಮವಲ್ಲ, ಎಂಜಿನ್ನಿಂದು. ಇನ್ನ ನಸಕನ್ಯಾಗ ಏಳೂದು ಬ್ಯಾಡ, ಅಂಗೈಗಿ ಗುಳ್ಳಿ ಬ್ಯಾಡ.’ ಇಷ್ಟು ಹೇಳಿ ಅವರು ತಮ್ಮ ಅಂಗೈಯನ್ನು ತೋರಿಸಿದರು. ಅದರ ಮೇಲೆ ಗುಳ್ಳೆಗಳು ಇರಲಿಲ್ಲ. ಹೆಂಗಸರು ನಕ್ಕರು. ಆದರೆ ನಿಜಕ್ಕೂ ಅವರ ರಟ್ಟೆಗಳು ನೋಯುತ್ತಿದ್ದವು.

ಗೌರವ್ವ ಒಂದು ಕರಾರು ಹಾಕಿದಳು. ಅವಳು ಓಣಿಯ ಹಿರಿಯಳು. ಬೆಳಿಗ್ಗೆ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಲ್ಲಿಂದಲೇ ಓಣಿಯ ನ್ಯಾಯ ಮುಗಿಸುವವಳು. ‘ಎಂಜಿನ್ ನಿಂತ ದಿನ ಹಾರಿ ತಗೊಂಡ ಬರ್ತೀನಿ. ಕಟ್ಟಿ ಒಡದ ನಮ್ಮ ನಮ್ಮ ಕಲ್ಲ ನಮ್ಮ ನಮ್ಮ ಮನಿಗಿ ಹೊತ್ತ ತಂದ ಕೊಡಾಂವ ನೀನ. ಅಲ್ಲೀತನಕ ಓಣಿ ಜ್ವಾಳೆಲ್ಲಾ ನೀನs ಬೀಸಬೇಕ.’

‘ಆತು ಬಿಡವಾ. ಆದ್ರ ಕಲ್ಲಿಲ್ದ ಹ್ಯಾಂಗ ಬೀಸ್ಲಿ?’ ಎಂದು ಕಾಕಾ ಕೇಳಿದರು.

‘ಹಲ್ಲಿಲೆ,’ ಎಂದಳು ಗೌರವ್ವ.

ಕಲ್ಲುಗಳು ಬಂದವು. ಸುಣ್ಣ, ಬೆಲ್ಲದ ನೀರು ಹಾಕಿ ಅರೆದ ಗಾರೆಯಲ್ಲಿ ಸಾಲಾಗಿ ಕೂತವು. ನಮ್ಮ ಅವ್ವ ಮಾತ್ರ ತನ್ನ ಕಲ್ಲಿನ ಮೇಲಿನ ಭಾಗವನ್ನಷ್ಟೇ ಕೊಟ್ಟು, ಕೆಳಗಿನದನ್ನು ತಾನು ಮಲಗುವ ಹೊರಸಿನ ಕೆಳಗೆ ಮುಚ್ಚಿಟ್ಟಳು. ಒಂದೇ ಭಾಗದಿಂದ ಏನು ಬೀಸುತ್ತೀ ಎಂದು ನಾನು ಕೇಳಿದೆ. ‘ಕಾಕಾ ಸಿನೆಮಾ ನಡಿಸಿದ್ದ ನಾ ನೋಡೀನಿ,’ ಎಂದಳು.

ಆ ಕಟ್ಟೆಯ ಮೇಲೆ ಎಂಜಿನ್ ಕದಲದೆ ಕೂತಿತು. ಓಣಿಗೆ ಸುಖದ ದಿನಗಳು ಬಂದವು. ಹೌದಿನ ಬಿಸಿನೀರನ್ನು ಕಾಕಾ ಬಾಣಂತಿಯರಿಗೂ ಮುದುಕರಿಗೂ ಪುಕ್ಕಟೆ ಕೊಡುತ್ತಿದ್ದರು. ಅದು ಸ್ವಲ್ಪ ತುಕ್ಕಿನ ಬಣ್ಣದ್ದಿತ್ತು, ಮೈಗೆ ಕಸುವು ಬರುತ್ತದೆ ಎಂದು ಅವರೇ ಪ್ರಚಾರ ಮಾಡಿದ್ದರು.

ಮೊದಲ ತೊಂದರೆ ಅವರ ನಾಲಿಗೆಯ ಮೇಲೇ ಬಂತು. ಒಂದು ಮುಂಜಾನೆ ಎಣ್ಣೆಯ ಹನಿ ಮುಟ್ಟಿಸಿ, ಟಕ್ ಎನಿಸಿ, ತೀರ್ಪು ಕೊಡದೆ ನಿಂತರು. ಮತ್ತೊಮ್ಮೆ ಮುಟ್ಟಿಸಿದರು. ‘ಜ್ವಾಳ,’ ಎಂದರು. ಸ್ವಲ್ಪ ತಡೆದು, ಗೌರವ್ವನ ಮನೆಯ ಬಿಳಿಜೋಳ ಎಂದೂ ಹೇಳಿದರೆಂದು ನಾನು ಬಹಳ ಸಲ ಹೇಳಿಕೊಂಡು ತಿರುಗಿದ್ದೇನೆ. ಆ ಎರಡನೆಯ ಭಾಗ ನಾನೇ ಸೇರಿಸಿದ್ದಿರಬಹುದು. ಜೋಳ ಎಂದದ್ದು ಮಾತ್ರ ಖರೆ. ಎಂಜಿನ್ನಿನ ಹೊಟ್ಟೆಯಲ್ಲಿ ಹಿಟ್ಟು ಸೇರಿ, ಎಣ್ಣೆಯ ಜೊತೆ ಕಲೆತು, ಅಂಬಲಿಯಾಗುತ್ತಿತ್ತು.

ಇಲ್ಲಿ ಎಂಜಿನ್ನಿನ ಹೊಟ್ಟೆಯ ಬಗ್ಗೆ ಒಂದು ಮಾತು ಹೇಳಬೇಕು. ಮೇಲೆ ಸುಡುವ ಹೊಗೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳನ್ನು ದಾಟಿ ಸ್ವಲ್ಪ ಸ್ವಲ್ಪವಾಗಿ ಕೆಳಗಿನ ಎಣ್ಣೆಯ ಹೊಟ್ಟೆಗೆ ಇಳಿಯುತ್ತದೆ. ರಿಂಗು ಸವೆದಿದ್ದರೆ ಬಹಳವೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದು ಪಕ್ಕದಲ್ಲಿ ಒಂದು ಬಾಗಿದ ಕೊಳವೆ ಇಟ್ಟಿರುತ್ತಾರೆ. ಲಾರಿ ಓಡುವಾಗ ಕೆಳಗೆ ಬೀಸುವ ಗಾಳಿಯೇ ಆ ಕೊಳವೆಯಿಂದ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಎಂಜಿನ್ನಿಗೆ ರಸ್ತೆಯೇ ಇರಲಿಲ್ಲ. ಅದು ಬೀಸುಕಲ್ಲುಗಳ ಮೇಲೆ ಕೂತು, ಹಿಟ್ಟು ಹಾರುವ ಖೋಲಿಯಲ್ಲಿ ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು. ಓಡುವಾಗ ಹೊಗೆ ಬಿಡುತ್ತಿತ್ತು. ನಿಂತು ಆರುವಾಗ ಹಿಟ್ಟು ಎಳೆದುಕೊಳ್ಳುತ್ತಿತ್ತು.

ಹಿಟ್ಟು ಹೋಗುವ ದಾರಿ ಸಿಕ್ಕ ಖುಷಿಯಲ್ಲಿ ಕಾಕಾ ಆ ಕೊಳವೆಯ ಬಾಯಿಗೆ ಹಳೆಯ ಧೋತರದ ತುಂಡು ತುರುಕಿ, ಮೇಲೆ ಮಗ್ಗದ ನೂಲಿನಿಂದ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದರು. ನೇಕಾರರ ಗಂಟು, ಬಿಚ್ಚುವಂಥದ್ದಲ್ಲ.

ಅಂದಿನಿಂದ ಎಂಜಿನ್ ಎಲ್ಲ ಕಡೆಯಿಂದ ಬೆವರತೊಡಗಿತು. ಹಿಂದಿನಿಂದ, ಮುಂದಿನಿಂದ, ಮುಚ್ಚಳದ ಸಂದಿಯಿಂದ, ಬೋಲ್ಟುಗಳ ಬುಡದಿಂದ ಎಣ್ಣೆ. ಕಟ್ಟೆಯ ಮೇಲೆ ಎಣ್ಣೆ, ನೆಲದ ಮೇಲೆ ಎಣ್ಣೆ. ಬುಟ್ಟಿ ಹೊತ್ತು ಬಂದ ಹೆಂಗಸರು ಬಾಗಿಲಲ್ಲಿ ಜಾರಿ, ನೇರವಾಗಿ ತಕ್ಕಡಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಸಾಲು ಬೇಗ ಮುಂದೆ ಸರಿಯುತ್ತದೆ ಎಂದು ಕಾಕಾ ಅದರಲ್ಲೂ ಒಳ್ಳೆಯದನ್ನು ಕಂಡರು.

ಆದರೆ ತಿಂಗಳಿಗೆ ಸಿಗುತ್ತಿದ್ದದ್ದು ಒಂದೇ ಡಬ್ಬಿ ಎಣ್ಣೆ. ಅದು ಈಗ ಒಂದು ಸಂತೆಯಿಂದ ಇನ್ನೊಂದು ಸಂತೆಗೂ ಬಾಳುತ್ತಿರಲಿಲ್ಲ. ಕಾಕಾ ಪರವಾನಗಿ ಹೆಚ್ಚಿಸಿಕೊಳ್ಳಲು ಜಮಖಂಡಿಗೆ ಹೋದರು. ಇಷ್ಟು ಸಣ್ಣ ಎಂಜಿನ್ ಇಷ್ಟು ಎಣ್ಣೆ ಕುಡಿಯುವುದನ್ನು ತಾನು ಕೇಳಿಯೇ ಇಲ್ಲ, ಅದರಲ್ಲಿ ಭಜಿ ಕರಿಯುತ್ತೀಯೇನು ಎಂದು ಸಾಹೇಬ ಕೇಳಿದನಂತೆ. ಮಹಾಲಿಂಗಪುರದಲ್ಲಿ ಎಣ್ಣೆ ಇತ್ತು. ಆದರೆ ಅದು ಮುಧೋಳದ ರಾಜರ ಊರು, ಅಲ್ಲಿಯ ಎಣ್ಣೆ ಇಲ್ಲಿಗೆ ಬರಬಾರದು. ಕಾಕಿಯ ತವರು ಬೇರೆ ರಾಜ್ಯದಲ್ಲಿದ್ದರೂ ಕಾಕಿಯನ್ನು ಪರವಾನಗಿ ಇಲ್ಲದೆ ತಂದಿದ್ದೇನೆ, ಒಂದು ಡಬ್ಬಿ ಎಣ್ಣೆಗೆ ಯಾಕೆ ಇಷ್ಟು ಕಾಯ್ದೆ ಎಂದು ಕಾಕಾ ವಾದಿಸಿದರು. ವಾದವನ್ನು ಸಾಹೇಬ ಮೆಚ್ಚಿದ. ಎಣ್ಣೆ ಕೊಡಲಿಲ್ಲ.

ಎಣ್ಣೆ ಎಲ್ಲಿ ಹೋಗುತ್ತಿದೆ ಎಂಬ ಬಗ್ಗೆ ಅವರಲ್ಲಿ ದಿನಕ್ಕೊಂದು ಸಿದ್ಧಾಂತ ಹುಟ್ಟುತ್ತಿತ್ತು. ಇಲಿಗಳು ಕುಡಿಯುತ್ತಿವೆ. ಯುದ್ಧದ ಎಣ್ಣೆ ತೆಳುವಾಗಿದೆ. ಇದ್ದಿಲಿನ ಊಟದಿಂದ ಎಂಜಿನ್ನಿಗೆ ನೀರಡಿಕೆ. ಬೀಸುಕಲ್ಲುಗಳೇ ಎಣ್ಣೆ ಹೀರುತ್ತಿವೆ, ಇಷ್ಟು ವರ್ಷ ಒಣ ಜೋಳ ತಿಂದ ಕಲ್ಲುಗಳಲ್ಲವೇ. ಪ್ರತಿಯೊಂದನ್ನೂ ಅವರು ಗೋಡೆಯಾಚೆಯಿಂದ ನನಗೆ ಕೂಗಿ ಹೇಳಿ, ‘ಹೌದಿಲ್ಲ, ಮಾಸ್ತರ್ರ?’ ಎಂದು ಕೇಳುತ್ತಿದ್ದರು. ನಾನು ಇತಿಹಾಸ ಕಲಿಸುವವನು, ಎಲ್ಲದಕ್ಕೂ ಹೌದು ಎನ್ನುತ್ತಿದ್ದೆ.

ಡಬ್ಬಿ ಬರಿದಾಗುವ ಲಕ್ಷಣ ಕಂಡ ದಿನ ಗೌರವ್ವ ಬಂದಳು. ತಲೆಯ ಮೇಲೆ ಹಿಟ್ಟಿನ ಬುಟ್ಟಿ, ಕೈಯಲ್ಲಿ ಹಾರೆ. ಬೀಸಿಕೊಂಡ ಹಿಟ್ಟಿನಲ್ಲಿ ಎಣ್ಣೆಯ ನಾತ ಬರುತ್ತಿದೆ ಎಂದು ತೋರಿಸಲು ಬುಟ್ಟಿ. ಹಾರೆ ಯಾಕೆ ಎಂದು ಹೇಳಬೇಕಾಗಿರಲಿಲ್ಲ. ಅವಳ ಹಿಂದೆ ಓಣಿಯ ಹೆಂಗಸರೆಲ್ಲ. ಎಂಜಿನ್ ಓಡುತ್ತಿತ್ತು. ಬುಟ್ಟಿಯನ್ನು ಇಳಿಸಿ, ಹಾರೆಯಿಂದ ಕಟ್ಟೆಯ ಮೂಲೆಯನ್ನು ಕುಟ್ಟುತ್ತ, ‘ಯಾವ ಕಡಿಂದ ಅಗೀಲಿ ಕಾಕಾ, ಕಾಕೀ ಕಲ್ಲಿನ ಕಡಿಂದ ಸುರು ಮಾಡ್ಲೇನ?’ ಎಂದಳು.

ಆಗ ಕೊಳವೆಯ ಬಾಯಿಗೆ ತುರುಕಿದ್ದ ಧೋತರದ ಬಿರಡೆ ಫಟ್ ಎಂದು ಹಾರಿತು. ನೂಲು ಹರಿಯಿತು, ಗಂಟು ಮಾತ್ರ ಬಿಚ್ಚಲಿಲ್ಲ. ಎಣ್ಣೆಯಲ್ಲಿ ನೆಂದ ಆ ಕಪ್ಪು ಮುದ್ದೆ ಎಲ್ಲರ ತಲೆಯ ಮೇಲಿಂದ ಹೋಗಿ ಗೌರವ್ವನ ಬುಟ್ಟಿಯ ಬಿಳಿ ಹಿಟ್ಟಿನ ನಡುವೆ ಕೂತಿತು.

ಗೌರವ್ವ ಬುಟ್ಟಿಯನ್ನು ನೋಡಿದಳು, ಹಾರೆಯನ್ನು ನೋಡಿಕೊಂಡಳು. ಈಗ ಕಾಕಾ ಕ್ಷಮೆ ಕೇಳಬೇಕಿತ್ತು. ಅವರು ನೆಲದ ಮೇಲೆ ಅಂಗಾತ ಮಲಗಿ, ಎಂಜಿನ್ನಿನ ಹಿಂಭಾಗದ ಕೆಳಗೆ ಮುಖ ತುರುಕಿದ್ದರು. ಅಲ್ಲಿಂದಲೇ, ‘ಸೋರೂದು ಕಡಿಮಿ ಆತು,’ ಎಂದರು. ‘ಯವ್ವಾ, ಇದರ ಉಸುರ ಕಟ್ಟಿತ್ತ.’

ಹೊಟ್ಟೆಗೆ ಇಳಿದ ಹೊಗೆಗೆ ಹೊರಗೆ ಹೋಗಲು ದಾರಿ ಇಲ್ಲದ್ದರಿಂದ ಅದು ಸಿಕ್ಕಸಿಕ್ಕ ಸಂದಿಯಿಂದ ಎಣ್ಣೆಯನ್ನು ನೂಕುತ್ತಿತ್ತು. ಗಡಿಗೆಯ ಬಾಯಿ ಬಿಗಿದರೆ ಗಂಜಿ ಉಕ್ಕದೆ ಇರುತ್ತದೆಯೇ ಎಂದು ತಾನು ಮೊದಲೇ ಹೇಳಿದ್ದೆ ಎಂದರು ಕಾಕಿ. ಮೊದಲು ಹೇಳಿದ್ದು ತಾನು ಎಂದಳು ಗೌರವ್ವ. ನಮ್ಮ ಅವ್ವನೂ ಹೇಳಿದ್ದಳಂತೆ. ಒಂದೆರಡು ಕಡೆ ನಾನೇ ಹೇಳಿದ್ದೆ ಎಂದು ನಾನೂ ಹೇಳಿಕೊಂಡದ್ದುಂಟು. ಅಂದು ಇಡೀ ಓಣಿಗೆ ಮೊದಲೇ ಗೊತ್ತಿದ್ದ ಸಂಗತಿ ಕಾಕಾನಿಗೊಬ್ಬರಿಗೇ ಗೊತ್ತಿರಲಿಲ್ಲ ಎಂದಾಯಿತು.

ಗೌರವ್ವ ತಿಂಗಳು ತುಂಬುವವರೆಗೆ ಮಾತ್ರ ಎಂದು ಗಡುವು ಕೊಟ್ಟಳು. ಹಾರೆಯನ್ನು ಮನೆಗೆ ಒಯ್ಯಲಿಲ್ಲ. ಗಿರಣಿಯ ಬಾಗಿಲ ಪಕ್ಕ ಗೋಡೆಗೆ ಆನಿಸಿ ಇಟ್ಟು ಹೋದಳು. ಬೀಸಿಸಲು ಬಂದವರೆಲ್ಲ ಅದನ್ನು ಒಮ್ಮೆ ನೋಡಿ, ಕಟ್ಟೆಯನ್ನು ಒಮ್ಮೆ ನೋಡಿ, ತಮ್ಮ ಕಲ್ಲು ಯಾವುದು ಎಂದು ಗುರುತಿಸಿಕೊಂಡು ಹೋಗತೊಡಗಿದರು.

ಕೊಳವೆ ಮುಚ್ಚಿದರೆ ಎಣ್ಣೆ ಸೋರುತ್ತದೆ, ತೆರೆದರೆ ಹಿಟ್ಟು ಒಳಗೆ ಹೋಗುತ್ತದೆ, ಹೊಗೆ ಹಿಟ್ಟಿಗೆ ಹತ್ತುತ್ತದೆ. ಕಾಕಾ ಕೊಳವೆಯನ್ನು ಉದ್ದ ಮಾಡಿ ಗೋಡೆಯಾಚೆಗೆ ಒಯ್ದರು. ಗೋಡೆಯಾಚೆ ನಾನಿದ್ದೆ. ಸಂಜೆ ಸಾಲೆಯಿಂದ ಬಂದು ನೋಡಿದರೆ ಹುಡುಗರ ಉತ್ತರದ ಕಾಗದಗಳೆಲ್ಲ ಎಣ್ಣೆ ಹೀರಿ, ಒಂದರ ಉತ್ತರ ಇನ್ನೊಂದರೊಳಗಿಂದ ಕಾಣುತ್ತಿತ್ತು. ನನ್ನ ಬಿಳಿ ಟೊಪ್ಪಿಗೆಗೆ ಕಪ್ಪು ಸಾಸಿವೆ ಸಿಡಿದಂತಾಗಿತ್ತು. ಅವ್ವ ಹೊರಸಿನ ಕೆಳಗಿನ ಅರ್ಧ ಕಲ್ಲನ್ನು ಮತ್ತೂ ಒಳಗೆ ಸರಿಸಿದಳು.

ಆಮೇಲೆ ಕೊಳವೆ ಓಣಿಯ ಕಡೆಗೆ ತಿರುಗಿತು. ಅಲ್ಲಿ ಗೌರವ್ವನ ಮಗ ಸೀರೆಯ ಹಾಸು ಹೂಡಿ, ಉದ್ದಕ್ಕೆ ನೂಲು ಎಳೆದು ಕಟ್ಟಿ, ಗಂಜಿ ಹಚ್ಚುತ್ತಿದ್ದ. ಅದರ ಮೇಲೆ ಒಂದು ಹನಿ ಬಿದ್ದಿದ್ದರೂ ಕಾಕಾ ಇಂದು ವ್ಯಕ್ತಿಚಿತ್ರವಾಗದೆ ಅಂದೇ ಮುಗಿದುಹೋಗುತ್ತಿದ್ದರು. ಕಾಕಿ ಓಡಿ ಬಂದು ಕೊಳವೆಯ ಬಾಯಿಗೆ ತಮ್ಮ ಕೈಯನ್ನೇ ಅಡ್ಡ ಹಿಡಿದರು. ಅಂಗೈ ಸುಟ್ಟಿತು. ಗುಳ್ಳೆ ಇಲ್ಲದ ಅಂಗೈ ತೋರಿಸಿ ಭಾಷಣ ಮಾಡಿದವರು ಕಾಕಾ; ಅದು ಅವರಿಗೆ ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ನನಗಂತೂ ಆಯಿತು.

ಮರುದಿನ ಕೊಳವೆ ಮಾಳಿಗೆಯ ಮೇಲಕ್ಕೆ ಹೋಯಿತು. ಈಗ ಯಾರಿಗೂ ತ್ರಾಸವಿರಲಿಲ್ಲ. ಆದರೆ ಎಣ್ಣೆ ಮಂಜಿನಂತಾಗಿ ಆಕಾಶಕ್ಕೆ ಹೋಗುತ್ತಿತ್ತು. ಡಬ್ಬಿ ಇನ್ನೂ ತಿಂಗಳು ಮುಟ್ಟುತ್ತಿರಲಿಲ್ಲ. ಕಾಕಾ ಮಾಳಿಗೆಯ ಮೇಲೆ ಕೂತು, ತಮ್ಮ ಎಣ್ಣೆ ರಬಕವಿಯ ಕಡೆಗೆ ತೇಲಿ ಹೋಗುವುದನ್ನು ನೋಡುತ್ತಿದ್ದರು. ಕೆಳಗೆ ಇಳಿದು ಬಂದು ಎಂಜಿನ್ನಿನ ಎದುರು ನಿಂತರು. ಅದಕ್ಕೆ ಎರಡು ಬಾಯಿ ಇದ್ದವು: ಹೊಗೆ ಬಿಡುವ ಈ ಕೊಳವೆ ಒಂದು, ಮೇಲೆ, ಸುಡಲು ಗಾಳಿ ಎಳೆದುಕೊಳ್ಳುವ ಬಾಯಿ ಇನ್ನೊಂದು.

‘ಮಾಸ್ತರ್ರ,’ ಎಂದು ಗೋಡೆಯಾಚೆಯಿಂದ ಕೂಗಿದರು. ‘ತನ್ನ ಹೊಗಿ ತಾನs ತಿನ್ಲಿ ಬಿಡ್ರಿ. ಮಂದೀಗ್ಯಾಕ ಬೇಕ ಅದು?’

ನಾನು ಹೌದು ಎಂದೆ. ಅವರ ಸಿದ್ಧಾಂತಗಳ ಪೈಕಿ ನಾನು ಹೌದು ಎಂದು ಹೇಳಿ ಸರಿಹೋದದ್ದು ಇದೊಂದೇ.

ಅದೂ ಒಮ್ಮೆಲೇ ಸರಿಹೋಗಲಿಲ್ಲ. ಕೊಳವೆಯನ್ನು ಗಾಳಿಯ ಬಾಯಿಗೆ ಜೋಡಿಸಿದೊಡನೆ ಎಂಜಿನ್ ತನ್ನ ಹೊಟ್ಟೆಯ ಹೊಗೆಯನ್ನು ತಾನೇ ಎಳೆದುಕೊಳ್ಳತೊಡಗಿತು. ಹೊಟ್ಟೆ ಹಗುರಾಯಿತು, ಸಂದಿಗಳಿಂದ ಸೋರುವುದು ನಿಂತಿತು. ಆದರೆ ಹೊಗೆಯ ಜೊತೆ ಎಣ್ಣೆಯ ಮಂಜನ್ನೂ ಎಳೆದುಕೊಂಡು ಸುಟ್ಟು, ಇನ್ನೊಂದು ಕಡೆಯಿಂದ ನೀಲಿ ಹೊಗೆ ಬಿಟ್ಟಿತು. ಎಣ್ಣೆ ಮತ್ತೆ ಕಡಿಮೆಯಾಯಿತು. ಹೊಗೆ ಹೋಗಬೇಕು, ಎಣ್ಣೆ ಉಳಿಯಬೇಕು. ಎರಡನ್ನೂ ಬಿಡಿಸುವುದು ಹೇಗೆ?

ಕಾಕಿಗೆ ತವರಿನಿಂದ ಬಂದ ಒಂದು ತಾಮ್ರದ ಝಾರಿ ಇತ್ತು, ಮೂತಿ ಇರುವ ನೀರಿನ ಪಾತ್ರೆ. (ಹಿತ್ತಾಳೆಯದು ಎನ್ನುತ್ತಾಳೆ ಅವ್ವ.) ಕಾಕಾ ಗಿರಣಿಯ ಹಳೆಯ ಜರಡಿಗಳ ತಂತಿಯ ಬಲೆಯನ್ನು ದುಂಡಗೆ ಕತ್ತರಿಸಿ, ಒಂದರ ಮೇಲೊಂದು ಅದರೊಳಗೆ ತುಂಬಿದರು. ಹೊಗೆ ಮೂತಿಯಿಂದ ಒಳಗೆ ಬಂದು, ಬಲೆಗಳ ನಡುವೆ ದಾರಿ ಹುಡುಕುತ್ತ ಮೇಲಕ್ಕೆ ಏರಿ, ಎಂಜಿನ್ನಿನ ಬಾಯಿಗೆ ಹೋಗಬೇಕು. ಎಣ್ಣೆ ತಂತಿಗಳಿಗೆ ಅಂಟಿ, ಹನಿಯಾಗಿ ತಳಕ್ಕೆ ಬಿದ್ದು, ತಿರುಗಿ ಹೊಟ್ಟೆಗೆ ಇಳಿಯಬೇಕು. ಅದಕ್ಕೆ ಝಾರಿಯ ತಳಕ್ಕೆ ತೂತು ಬೇಕಿತ್ತು.

ಕಲ್ಲಿನ ಸಲ ಕೇಳದೆ ಒಯ್ದಿದ್ದ ಮನುಷ್ಯ ಈ ಸಲ ಕೇಳಿದರು. ಕೈಗೆ ಬೆಣ್ಣೆ ಹಚ್ಚಿಕೊಂಡು ಕೂತಿದ್ದ ಕಾಕಿಯ ಎದುರು ಝಾರಿ ಹಿಡಿದುಕೊಂಡು ನಿಂತರು.

‘ತೂತ ಹೊಡೀಲೇನ?’

‘ಕಲ್ಲ ಒಯ್ದ್ರಿ,’ ಎಂದರು ಕಾಕಿ. ‘ಇದನೂ ಒಯ್ರಿ. ನಾ ಇರೂತನಕ ಮನ್ಯಾಗ ಏನರೆ ಒಂದ ಉಳದ್ರ ಸಾಕ.’

‘ಏನ ಉಳೀಬೇಕ?’

‘ನೀವs.’

ಇದನ್ನು ನಾನು ಗೋಡೆಯಾಚೆಯಿಂದ ಕೇಳಿದೆ. ಗೋಡೆ ದಪ್ಪವಿತ್ತು, ಮಾತು ಇಷ್ಟು ಅಂದವಾಗಿ ಇರಲಿಲ್ಲವೇನೋ. ತೂತು ಹೊಡೆಯುವ ಸಪ್ಪಳ ಮಾತ್ರ ಸ್ಪಷ್ಟವಾಗಿ ಕೇಳಿತು.

ಇನ್ನು ಹೊಟ್ಟೆಗೆ ಹೊಸ ಗಾಳಿ ಬರಲು ಎಣ್ಣೆ ಹಾಕುವ ಬಾಯಿಯನ್ನು ತೆರೆದಿಟ್ಟು, ಅದರ ಮೇಲೆ ತೆಳುವಾದ ಬಟ್ಟೆಯನ್ನು ಸಡಿಲಾಗಿ ಕಟ್ಟಿದರು. ಗಾಳಿ ಹೋಗಬೇಕು, ಹಿಟ್ಟು ಹೋಗಬಾರದು. ತೇರದಾಳದ ಜೈನರೊಬ್ಬರ ಮನೆಯಲ್ಲಿ ಕೊಡದ ಬಾಯಿಗೆ ಕಟ್ಟಿದ್ದ ನೀರು ಸೋಸುವ ಬಟ್ಟೆಯನ್ನು ನೋಡಿ ಕಲಿತದ್ದಂತೆ ಅದು. ಈ ಸಲ ಗಂಟು ಬಿಚ್ಚುವಂಥದ್ದಿತ್ತು.

ತಿಂಗಳ ಕೊನೆಗೆ ಗೌರವ್ವ ಬಂದಳು. ಕಾಕಾ ಬೆಳಿಗ್ಗೆ ಅಳತೆಯ ಕಡ್ಡಿಗೆ ಗೀರು ಹಾಕಿ ಅವಳಿಗೆ ತೋರಿಸಿ, ಎಂಜಿನ್ ಬಿಟ್ಟರು. ಅವಳು ಎದುರಿಗೇ ಒಂದು ಚೀಲದ ಮೇಲೆ ಕೂತು, ದಿನವಿಡೀ ಕಂಡಿಕೆ ಸುತ್ತುತ್ತ ಎಂಜಿನ್ನನ್ನು ಕಾದಳು. ಓಣಿಯ ಜೋಳವೆಲ್ಲ ಬೀಸಿ ಮುಗಿಯಿತು. ಸಂಜೆ ಕಾಕಾ ಕಡ್ಡಿ ಎಳೆದರು. ಎಣ್ಣೆ ಗೀರಿನ ಹತ್ತಿರವೇ ಇತ್ತು. ಗೌರವ್ವ ಕಡ್ಡಿಯನ್ನು ನಂಬಲಿಲ್ಲ. ಬಗ್ಗಿ ನೆಲವನ್ನು ಅಂಗೈಯಿಂದ ಒರೆಸಿದಳು, ಕಟ್ಟೆಯನ್ನು ಒರೆಸಿದಳು, ಅಂಗೈ ಮೂಸಿದಳು. ಒಣಗಿತ್ತು. ಕಾಕಾ ಕಿರುಬೆರಳಿನ ಹನಿಯನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಟಕ್ ಎನಿಸಿ, ಅವಳಿಗಾಗಿಯೇ ಗಟ್ಟಿಯಾಗಿ ಹೇಳಿದರು: ‘ಇನ್ನೂ ನಡೀತೈತಿ.’

‘ನಡೀಲಿ,’ ಎಂದಳು ಗೌರವ್ವ. ‘ಹಾರಿ ಇಲ್ಲೇ ಇರ್ಲಿ.’

ಹಾರೆ ಅಲ್ಲಿಯೇ ಇತ್ತು. ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು, ಹಾರೆ ಅಲ್ಲಿಯೇ ಇತ್ತು. ಕಾಕಾ ಅದಕ್ಕೆ ಟೊಪ್ಪಿಗೆ ತೂಗುಹಾಕುತ್ತಿದ್ದರು. ಡಬ್ಬಿ ಎಣ್ಣೆ ತಿಂಗಳು ತುಂಬಿ, ಸ್ವಲ್ಪ ಉಳಿಯತೊಡಗಿತು. ಗಿರಣಿಗೆ ಬಂದ ಹೊಸಬರಿಗೆಲ್ಲ ಅವರು ಝಾರಿಯನ್ನು ತೋರಿಸಿ ವಿವರಿಸುತ್ತಿದ್ದರು. ವಿವರಣೆ ಪ್ರತಿ ಸಲ ಬೇರೆ. ಒಮ್ಮೆ ಅದು ಎಂಜಿನ್ನಿನ ಮೂಗು, ಒಮ್ಮೆ ಗುಡಗುಡಿ, ಒಮ್ಮೆ ಅತ್ತೆಯ ಮನೆಯ ಆಶೀರ್ವಾದ.

ಸಂಸ್ಥಾನ ವಿಲೀನವಾದ ವರ್ಷವೇ ಅವರೂ ಹೋದರು, ಜ್ವರದಲ್ಲಿ. ಯಾರು ಮೊದಲು ಹೋದದ್ದು ಎಂಬುದರಲ್ಲಿ ನನಗೂ ಅವ್ವನಿಗೂ ಇಂದಿಗೂ ಒಮ್ಮತವಿಲ್ಲ. ಎಂಜಿನ್ನನ್ನು ಮಹಾಲಿಂಗಪುರದ ಬೆಲ್ಲದ ಗಾಣದವನೊಬ್ಬ ಕೊಂಡ. ಈ ಪಾತ್ರೆ ಗೀತ್ರೆ ತನಗೆ ಬೇಡ ಎಂದು ಝಾರಿಯನ್ನು ಬಿಚ್ಚಿ ಕಾಕಿಯ ಕೈಗೆ ಕೊಟ್ಟ. ಆಮೇಲೆ ಅವನಲ್ಲಿ ಅದು ಮತ್ತೆ ಎಣ್ಣೆ ಕುಡಿಯತೊಡಗಿತೆಂದು ಸುದ್ದಿ ಬಂತು. ನಂಬಬೇಕೆಂದು ಬಹಳ ಆಸೆಯಾಗುತ್ತದೆ; ಅದಕ್ಕೇ ನಂಬುವುದಿಲ್ಲ.

ಕಟ್ಟೆಯನ್ನು ಗೌರವ್ವ ತನ್ನ ಹಾರೆಯಿಂದಲೇ ಒಡೆಸಿದಳು. ಹೊತ್ತು ತಂದು ಕೊಡಬೇಕಾದವರು ಇರಲಿಲ್ಲ, ಅವಳ ಮಗನೇ ಹೊತ್ತ. ಆಗ ಊರಲ್ಲಿ ಬೇರೆ ಗಿರಣಿ ಬಂದಿತ್ತು, ಬೀಸಲು ಕಲ್ಲು ಯಾರಿಗೂ ಬೇಕಾಗಿರಲಿಲ್ಲ. ಆದರೂ ಒಬ್ಬೊಬ್ಬರೂ ಬಂದು ತಮ್ಮದನ್ನು ಗುರುತಿಸಿ ಒಯ್ದು, ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡರು. ಅವ್ವ ತನ್ನ ಎರಡೂ ಭಾಗಗಳನ್ನು ಕೂಡಿಸಿ ನೋಡಿದಳು. ಮೇಲಿನದು ಎಣ್ಣೆ ಕುಡಿದು ಕಪ್ಪಾಗಿತ್ತು, ಕೆಳಗಿನದು ಹೊರಸಿನ ಕೆಳಗಿನ ಧೂಳು ತಿಂದು ಬೆಳ್ಳಗಾಗಿತ್ತು. ಗಂಡ ಹೆಂಡತಿಯ ಹಾಗೆ ಕಾಣುತ್ತವೆ ಎಂದಳು.

ಕಾಕಿ ಝಾರಿಯ ಬಲೆಗಳನ್ನು ತೆಗೆದು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ತಳಕ್ಕೆ ತೂತು ಬಿದ್ದ ಪಾತ್ರೆಯನ್ನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡುವುದು? ತಳದಲ್ಲಿ ತೂತಿರುವ ಪಾತ್ರೆ ಬೇಕಾದ ಜಾಗ ಒಂದೇ. ಶ್ರಾವಣದಲ್ಲಿ ಓಣಿಯ ಈಶ್ವರನ ಗುಡಿಗೆ ಕೊಟ್ಟರು. ಪೂಜಾರಿ ಅದನ್ನು ಸರಪಳಿಯಿಂದ ಲಿಂಗದ ಮೇಲೆ ತೂಗುಹಾಕಿ, ನೀರು ತುಂಬಿದ. ಹನಿ ಹನಿಯಾಗಿ ನೀರು ಲಿಂಗದ ತಲೆಯ ಮೇಲೆ ಬೀಳತೊಡಗಿತು. ಎಷ್ಟು ತಿಕ್ಕಿದರೂ ಒಳಗಿನ ಬೆಸುಗೆಯಲ್ಲಿ ಏನೋ ಉಳಿದಿದ್ದಿರಬೇಕು. ಲಿಂಗದಿಂದ ಇಳಿದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ತೆಳ್ಳಗೆ ತೇಲುತ್ತಿದ್ದವು.

ಪೂಜಾರಿ ಅದನ್ನು ನೋಡಲಿಲ್ಲ, ಅಥವಾ ನೋಡಿ ದೇವರ ಮಹಿಮೆ ಎಂದುಕೊಂಡ. ಎಲ್ಲರ ಅಂಗೈಗೆ ತೀರ್ಥ ಹಾಕುತ್ತ ಬಂದ. ನನ್ನ ಎದುರು ಗೌರವ್ವ ನಿಂತಿದ್ದಳು, ಅವಳ ಪಕ್ಕದಲ್ಲಿ ಕಾಕಿ. ಗೌರವ್ವ ಅಂಗೈಯನ್ನು ಬಾಯಿಗೆ ಒಯ್ದವಳು ಅಲ್ಲಿಯೇ ನಿಂತಳು. ಕಾಕಿ ಗಾಬರಿಯಿಂದ ಅವಳ ಮುಖ ನೋಡಿದರು. ಮುದುಕಿ ಒಂದು ಕಣ್ಣು ಮುಚ್ಚಿದಳು. ಬಲಗಣ್ಣು. ದಿನವಿಡೀ ಚೀಲದ ಮೇಲೆ ಕೂತು ಎಂಜಿನ್ನಿನ ಜೊತೆ ಕಾಕಾನ ಮುಖವನ್ನೂ ಕಾದವಳು ಅವಳು, ಬಲಗಣ್ಣೇ ಇದ್ದಿರಬೇಕು. ನಾಲಿಗೆಯನ್ನು ಟಕ್ ಎನಿಸಿದಳು.

‘ಇನ್ನೂ ನಡೀತೈತಿ,’ ಎಂದಳು.

ಕಾಕಿ ತೀರ್ಥಕ್ಕೆ ಕೈ ಒಡ್ಡಿದರು.